ಸಾರು ಹಾಕಿದ ಮೇಲೆ

ನಮ್ಮ ಕಡೆ ಮಾರಿಹಬ್ಬಕ್ಕೆ ಮುಂಚೆ ಊರಲ್ಲಿ ಸಾರು ಹಾಕುತ್ತಾರೆ. ಪೇಟೆಯಲ್ಲಿ ಬೆಳೆದ ನನ್ನ ಮೊಮ್ಮಕ್ಕಳಿಗೆ ಇದು ಗೊತ್ತಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಒಂದು ಮಂಗಳವಾರ ಸಂಜೆ ಊರ ಸುತ್ತ ತಮಟೆ ಹೊಡೆದು ಹಬ್ಬವನ್ನು ಸಾರುತ್ತಾರೆ. ಅವತ್ತಿನಿಂದ ಹಬ್ಬದವರೆಗೆ ಯಾರ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ, ದನಿಯೆತ್ತಿ ಅಳುವಂತಿಲ್ಲ, ಊರಿನವರು ಹೊರಗೆಲ್ಲೂ ರಾತ್ರಿ ತಂಗುವಂತಿಲ್ಲ. ಹಗಲು ಎಲ್ಲಿಗೆ ಬೇಕಾದರೂ ಹೋಗಿ, ದೀಪ ಹಚ್ಚುವ ಹೊತ್ತಿಗೆ ಊರ ಎಲ್ಲೆಯೊಳಗೆ ಇರಬೇಕು. ತಮಟೆ ಹೊಡೆಯುವಾಗ ಹೊರಗೆ ಉಳಿದವರು ಹಬ್ಬದ ಬೆಳಗಿನವರೆಗೆ ಹೊರಗೇ ಇರಬೇಕು. ನಡುವೆ ಯಾರಾದರೂ ಒಳಗೆ ಕಾಲಿಟ್ಟರೆ ಅಮ್ಮ, ಅಂದರೆ ಮಾರಿ, ಮುನಿಯುತ್ತಾಳೆ, ಮನೆಮನೆಗೂ ಸಿಡುಬು ನುಗ್ಗುತ್ತದೆ. ಹೀಗೆಂದು ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ. ಈಗ ನಂಬುವುದಿಲ್ಲ. ಈಗ ನಂಬದೆ ಇದ್ದು ಏನು ಪ್ರಯೋಜನ, ಅದು ಬೇರೆ ಮಾತು.

ನಮ್ಮ ಊರು ಮದ್ದೂರಿಗೂ ಮಳವಳ್ಳಿಗೂ ನಡುವೆ, ದೊಡ್ಡ ರಸ್ತೆಯಿಂದ ಒಳಗೆ. ಯುದ್ಧ ನಡೆಯುತ್ತಿದ್ದ ಕಾಲ ಅದು. ಯುದ್ಧ ಎಲ್ಲೋ ಸಮುದ್ರದಾಚೆ, ಆದರೆ ಸೀಮೆಎಣ್ಣೆ ಇಲ್ಲದೆ ಕತ್ತಲಾಗಿದ್ದು ನಮ್ಮ ಮನೆ. ಊರಲ್ಲಿ ಒಂದು ಮಾಧ್ಯಮಿಕ ಶಾಲೆ ಇತ್ತು. ಸುತ್ತಲಿನ ಹಳ್ಳಿಗಳಿಗೆಲ್ಲ ಅದೊಂದೇ. ಶಿವರಾತ್ರಿ ಕಳೆದು ಹೊಂಗೆಮರ ಚಿಗುರಿತೆಂದರೆ ಊರಿನವರಿಗೆ ಶಾಲೆಯ ನೆನಪಾಗುತ್ತಿತ್ತು. ಒಕ್ಕಣೆ ಮುಗಿದಿರುತ್ತಿತ್ತು, ಕೈ ಖಾಲಿ. ಗಂಡಸರು ಬಂದು ಹಿಂದಿನ ಕೊಠಡಿಗೆ ಹೊಸದಾಗಿ ಕಬ್ಬಿನ ಒಣಗರಿ ಹೊದೆಸುತ್ತಿದ್ದರು. ಹೆಂಗಸರು ನೆಲಕ್ಕೆ ಸಗಣಿ ಹಾಕಿ ಸಾರಿಸುತ್ತಿದ್ದರು. ನಾವು ಇದ್ದಿಲು, ತೊಂಡೆಸೊಪ್ಪು ಅರೆದು ಬಾಗಿಲ ಪಕ್ಕದ ಗೋಡೆಗೆ ಬಳಿಯುತ್ತಿದ್ದೆವು. ಆ ಕರಿಗೋಡೆ ನಮ್ಮ ಮೇಷ್ಟರ ಸುದ್ದಿಹಲಗೆ.

ಮೇಷ್ಟರು ಪ್ರತಿದಿನ ಬೆಳಗ್ಗೆ ಅದರ ಮೇಲೆ ಸುದ್ದಿ ಬರೆಯುತ್ತಿದ್ದರು. ಜಪಾನಿನವರು ಎಲ್ಲಿಗೆ ಬಂದರು ಎಂಬುದರ ಕೆಳಗೇ ಯಾರದೋ ಕಪ್ಪು ಕರು ತಪ್ಪಿಸಿಕೊಂಡದ್ದು, ಅದರ ಕೆಳಗೆ ಸಿಡುಬಿನ ದಾಕು ಹಾಕುವವರು ಬರುವ ದಿನ, ನಾಲೆಗೆ ನೀರು ಬಿಡುವ ದಿನ. ಅದಕ್ಕೂ ಹಿಂದೆ ಶಿವಪುರದಲ್ಲಿ ಸ್ವರಾಜ್ಯದ ಬಾವುಟ ಹಾರಿಸಿದ ಸುದ್ದಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಮೇಲಿನವರಿಂದ ಚೆನ್ನಾಗಿ ಉಗಿಸಿಕೊಂಡಿದ್ದರಂತೆ. ಊರಲ್ಲಿ ಓದಲು ಬರುತ್ತಿದ್ದವರು ಕಡಿಮೆ. ಆದರೂ ನೀರಿಗೆ ಹೋಗುವ ಹೆಂಗಸರೆಲ್ಲ ಆ ಗೋಡೆಯ ಮುಂದೆ ಒಂದು ಗಳಿಗೆ ನಿಂತೇ ಹೋಗುತ್ತಿದ್ದರು. ನಮ್ಮ ಅವ್ವನಂತೂ ಕೊಡ ಸೊಂಟಕ್ಕೇರಿಸಿಕೊಂಡು ನನ್ನನ್ನು ಕೂಗುತ್ತಿದ್ದಳು. "ಏನ್ ಬರ್ದವ್ರೆ ಓದಮ್ಮಿ. ನಾಲೆ ವಿಚಾರ ಐತಾ?"

ನಾಲೆಯ ವಿಚಾರ ಅವ್ವನಿಗೆ ಬೇಕಾಗಿತ್ತು, ಯಾಕೆಂದರೆ ನಾಲೆಯೇ ಅವಳನ್ನು ಹಿಡಿದಿತ್ತು. ನೀರು ಬಂದ ಮೇಲೆ ನಮ್ಮೂರಿಗೆ ಬತ್ತ ಬಂತು, ಕಬ್ಬು ಬಂತು, ಅಪ್ಪ ಗಾಡಿಯಲ್ಲಿ ಕಬ್ಬು ತುಂಬಿಕೊಂಡು ಹನಕೆರೆ ದಾಟಿ ಮಂಡ್ಯದ ಕಾರ್ಖಾನೆಗೆ ಹೋಗುವಂತಾಯಿತು. ಅದರ ಹಿಂದೆಯೇ ಚಳಿಜ್ವರವೂ ಬಂತು. ಅವ್ವನಿಗೆ ವರ್ಷವೆಲ್ಲ ಬಿಟ್ಟು ಬಿಟ್ಟು ಬರುತ್ತಿತ್ತು. ಹೊಟ್ಟೆಯ ಎಡಗಡೆ ಜ್ವರಗಡ್ಡೆ ಕೈಗೆ ಸಿಗುತ್ತಿತ್ತು. ಕ್ವಿನೈನ್ ಮಾತ್ರೆಯೆಲ್ಲ ಸಿಪಾಯಿಗಳ ಪಾಲಾಗಿ ನಮಗೆ ಸಿಕ್ಕಿದ್ದು ಬೇವಿನ ಕಷಾಯ. ನಡುಗುವಾಗ ಇದ್ದಬದ್ದ ಕಂಬಳಿಯೆಲ್ಲ ಹೊದೆಸಿ ನಾನು ಮೇಲೆ ಕುಳಿತುಕೊಳ್ಳುತ್ತಿದ್ದೆ. ಬೆವರಿಳಿದ ಮೇಲೆ ಎದ್ದು, ಏನೂ ಆಗಿಲ್ಲವೆಂಬಂತೆ ಹಿಟ್ಟು ತೊಳಸುತ್ತಿದ್ದಳು.

ಆ ವರ್ಷ ನಾನು ಲೋವರ್ ಸೆಕೆಂಡರಿ ಪರೀಕ್ಷೆಗೆ ಕೂರಬೇಕಿತ್ತು. ನಮ್ಮ ಶಾಲೆಯಿಂದ ಕೂರುವ ಮೊದಲ ಹುಡುಗಿ ನಾನೇ. ಪಾಸಾದರೆ ಮೇಷ್ಟರ ತರಬೇತಿಗೆ ಕಳಿಸಬಹುದೆಂದು ಮೇಷ್ಟರು ಅಪ್ಪನ ತಲೆಗೆ ತುಂಬಿದ್ದರು. ಅಪ್ಪನಿಗೆ ಅರ್ಧ ಮನಸ್ಸು. ಅವ್ವನಿಗೆ ಮಾತ್ರ ಒಂದೂವರೆ ಮನಸ್ಸು. ಮದ್ದೂರಿನಲ್ಲಿ ಅವಳು ಒಮ್ಮೆ ಒಬ್ಬ ಮೇಷ್ಟ್ರಮ್ಮನನ್ನು ನೋಡಿದ್ದಳು. ಆಯಮ್ಮ ಬಿಸಿಲಲ್ಲಿ ಛತ್ರಿ ಹಿಡಿದು ನಡೆಯುತ್ತಿದ್ದಳಂತೆ. ವಿದ್ಯೆ ಗಿದ್ಯೆ ಅವ್ವನಿಗೆ ಗೊತ್ತಿರಲಿಲ್ಲ. ಮಗಳು ಬಿಸಿಲಲ್ಲಿ ಬಗ್ಗಿ ನಾಟಿ ಹಾಕುವುದು ತಪ್ಪಲಿ, ಛತ್ರಿ ಹಿಡಿದು ಓಡಾಡುವ ಕೆಲಸ ಸಿಗಲಿ ಎಂಬುದಷ್ಟೇ ಅವಳ ಆಸೆ.

ಪರೀಕ್ಷೆ ಮದ್ದೂರಿನಲ್ಲಿ. ಗಾಡಿಯಲ್ಲಿ ದಿನಾ ಹೋಗಿಬರುವ ದೂರವಲ್ಲ, ಅಲ್ಲೇ ಉಳಿಯಬೇಕು. ಊರ ಯಜಮಾನರು ಹಬ್ಬ ಗೊತ್ತು ಮಾಡಿದ್ದು ಸರಿಯಾಗಿ ಪರೀಕ್ಷೆಯ ಬೆನ್ನಿಗೆ. ಸಾರು ಹಾಕುವುದು ಪರೀಕ್ಷೆಯ ಹಿಂದಿನ ಮಂಗಳವಾರ, ಹಬ್ಬ ಅದರ ಮುಂದಿನ ಮಂಗಳವಾರ. ಮೇಷ್ಟರು ಚಾವಡಿಗೆ ಹೋಗಿ ಹಬ್ಬವನ್ನು ಒಂದು ವಾರ ಹಿಂದಕ್ಕೆ ಹಾಕಿ ಎಂದು ಕೈಮುಗಿದರು. "ಸರ್ಕಾರಕ್ಕೇಳಿ ಪರೀಕ್ಸೇನೇ ಮುಂದಕ್ ಆಕುಸ್ಬುಡಿ ಮೇಷ್ಟ್ರೆ" ಎಂದು ಯಜಮಾನರು ನಕ್ಕರು. ಕೊನೆಗೆ ಎಲ್ಲರೂ ಕೂತು ಒಂದು ದಾರಿ ಕಂಡುಕೊಂಡರು. ಪರೀಕ್ಷೆಗೆ ಕೂರುವ ಮಕ್ಕಳು ತಮಟೆ ಹೊಡೆಯುವ ಮುಂಚೆಯೇ ಊರು ಬಿಡುವುದು, ಪರೀಕ್ಷೆ ಮುಗಿಸಿ ಹಬ್ಬದ ಬೆಳಗ್ಗೆ ನೆಂಟರ ಜೊತೆ ಒಳಗೆ ಬರುವುದು. ಅಮ್ಮನಿಗೂ ಸರಿ, ಸರ್ಕಾರಕ್ಕೂ ಸರಿ. ಇಷ್ಟು ಜಾಣತನ ಮಾಡಿದವರಿಗೆ ನಡುವೆ ಊರಲ್ಲಿ ಯಾರಾದರೂ ಸತ್ತರೆ ಏನು ಗತಿ ಎಂದು ಕೇಳಿಕೊಳ್ಳಲು ತೋಚಲಿಲ್ಲ.

ಹೊರಡುವ ದಿನ ಅವ್ವನಿಗೆ ಜ್ವರ ಬಂದಿತ್ತು. ಎಂದಿನ ಹಾಗಿರಲಿಲ್ಲ, ಬೆವರು ಬಿಟ್ಟರೂ ಇಳಿದಿರಲಿಲ್ಲ. ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ನಾನು ಹೋಗುವುದಿಲ್ಲವೆಂದು ಹಟ ಹಿಡಿದೆ. ಒಮ್ಮೆ ಹೋದರೆ ಹಬ್ಬದವರೆಗೆ ಬರುವಂತಿಲ್ಲ, ಅಷ್ಟರಲ್ಲಿ ಅವ್ವನಿಗೆ ಏನಾದರೂ ಆದರೆ ಎಂದು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅಪ್ಪ ಗದರಿದ. ಅವ್ವ ಮಲಗಿದ್ದಲ್ಲಿಂದಲೇ ಅವನಿಗಿಂತ ಜೋರಾಗಿ ಗದರಿದಳು.

"ನನ್ಗೇನಾಗಿದ್ದದು? ವರ್ಸಾ ಬರೋ ಜರ. ಓಗಿ ಬರ್ದ್ಬುಟ್ಟು ಬಾ. ಬರೀದೆ ಬಂದ್ಯೋ, ಒಳೀಕ್ ಸೇರ್ಸಕಿಲ್ಲ ಕಣಮ್ಮಿ ನಿನ್ನ."

ಗಾಡಿ ಹೊರಟಾಗ ಅವಳು ಎದ್ದು ಬಾಗಿಲಿಗೆ ಬರಲಿಲ್ಲ. ಗಾಡಿಯಲ್ಲಿ ಮೇಷ್ಟರೂ ಹುಡುಗರೂ ಇದ್ದರು. ಊರ ಎಲ್ಲೆ ದಾಟಿ ಸ್ವಲ್ಪ ಹೊತ್ತಿಗೆ ಹಿಂದಿನಿಂದ ತಮಟೆ ಕೇಳಿಸಿತು.

ಮದ್ದೂರಿನಲ್ಲಿ ಹುಡುಗರು ಮೇಷ್ಟರ ಜೊತೆ ಛತ್ರದಲ್ಲಿ ಇಳಿದುಕೊಂಡರು. ಹೆಣ್ಣುಮಗಳನ್ನು ಛತ್ರದಲ್ಲಿ ಬಿಡುವುದು ಹೇಗೆ? ಅಪ್ಪನಿಗೆ ಅಲ್ಲೊಬ್ಬರು ಸಾಬರ ಸ್ನೇಹವಿತ್ತು. ಕಬ್ಬಿನ ಗಾಣ ರಿಪೇರಿ ಮಾಡುವವರು, ವರ್ಷಕ್ಕೊಮ್ಮೆ ನಮ್ಮ ಆಲೆಮನೆಗೆ ಬಂದು ಗಾಣದ ಹಲ್ಲು ಸರಿಮಾಡಿ, ಬೆಲ್ಲ ಕಟ್ಟಿಸಿಕೊಂಡು ಹೋಗುತ್ತಿದ್ದರು. ಮೇಷ್ಟರು ನನ್ನನ್ನು ಅವರ ಮನೆಯಲ್ಲಿ ಬಿಟ್ಟರು. ಅವರ ಹೆಂಡತಿಯನ್ನು ನಾನು ಬೂಬಮ್ಮ ಎನ್ನುತ್ತಿದ್ದೆ. ಅವರ ಒಲೆಯ ಅಡುಗೆ ಮಾತ್ರ ಮುಟ್ಟಬೇಡವೆಂದು ಅಪ್ಪ ರಾಗಿಹಿಟ್ಟು, ಕಾಳು, ಉಪ್ಪು, ಮೆಣಸಿನಕಾಯಿ ಎಲ್ಲ ಕಟ್ಟಿ ಕೊಟ್ಟಿದ್ದ. ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ನಾನೇ ಬೇಯಿಸಿಕೊಳ್ಳುತ್ತಿದ್ದೆ. ಮಗಳನ್ನು ಅವರ ಮನೆಯಲ್ಲಿ ಮಲಗಿಸಬಹುದು, ಅವರ ಸೌಟು ಸೋಕಬಾರದು. ಅಪ್ಪನ ಲೆಕ್ಕಾಚಾರ ಅದು. ಬೂಬಮ್ಮ ಬೇಸರ ಮಾಡಿಕೊಳ್ಳದೆ, ಹೊಗೆಯಲ್ಲಿ ಕಣ್ಣುಜ್ಜುತ್ತಿದ್ದ ನನಗೆ ಒಣ ಸೌದೆ ತಂದು ಹಾಕುತ್ತಿದ್ದರು.

ಮೊದಲ ದಿನಗಳು ಚೆನ್ನಾಗಿಯೇ ಇದ್ದವು. ಅಪ್ಪ ಒಂದು ಮಧ್ಯಾಹ್ನ ಬಂದು, ಅವ್ವ ಗಂಜಿ ಕುಡಿದಳು, ಜ್ವರ ಇಳಿದಿದೆ ಎಂದು ಹೇಳಿ ಹೊತ್ತು ಮುಳುಗುವ ಮೊದಲು ಊರು ಸೇರಲು ಓಡಿದ. ನನಗೆ ಪೇಟೆಯ ಸೊಗಸು ಹತ್ತಿತ್ತು. ರೈಲಿನ ಕೂಗು ಕೇಳಿ ಏಳುವುದು, ಅವ್ವ ಹಾಕುತ್ತಿದ್ದ ಜಡೆಗಿಂತ ಬಿಗಿಯಾಗಿ ಬೂಬಮ್ಮ ಹೆಣೆದುಕೊಟ್ಟ ಜಡೆ ಹಾಕಿಕೊಂಡು ಪರೀಕ್ಷೆಗೆ ಹೋಗುವುದು. ಚರಿತ್ರೆ ಚೆನ್ನಾಗಿ ಬರೆದೆ. ಕನ್ನಡವಂತೂ ನೀರು ಕುಡಿದ ಹಾಗೆ ಆಯಿತು.

ಭೂಗೋಳದ ದಿನ ನನಗೆ ಕಿಟಕಿಯ ಪಕ್ಕದ ಜಾಗ. ಬರೆಯುತ್ತಾ ತಲೆ ಎತ್ತಿದರೆ ಅಂಗಳದ ಹೊಂಗೆಮರದ ಕೆಳಗೆ ಅಪ್ಪ ನಿಂತಿದ್ದ. ಎದುರಿಗೆ ಮೇಷ್ಟರು. ಅಪ್ಪ ಏನೋ ಹೇಳುತ್ತಿದ್ದ, ಮೇಷ್ಟರು ಅವನ ಹೆಗಲ ಮೇಲೆ ಕೈ ಇಟ್ಟಿದ್ದರು. ಮೇಷ್ಟರು ಅಪ್ಪನನ್ನು ಮುಟ್ಟಿದ್ದು ನಾನು ನೋಡಿದ್ದು ಅದೇ ಮೊದಲು. ಅವರು ನೇಮದ ಬ್ರಾಹ್ಮಣರು, ನಾವು ಕೊಟ್ಟ ನೀರನ್ನೂ ಕುಡಿಯುತ್ತಿರಲಿಲ್ಲ. ನದಿಗಳ ಹೆಸರು ಮರೆತುಹೋದವು. ಗಂಟೆ ಹೊಡೆದ ಕೂಡಲೇ ಹೊರಗೆ ಓಡಿದೆ. ಅಷ್ಟರಲ್ಲಿ ಅಪ್ಪ ಹೊರಟುಹೋಗಿದ್ದ.

"ಅವ್ವ ಹ್ಯಾಗಿದ್ದಾಳೆ ಸಾರ್?" ಎಂದು ಕೇಳಿದೆ.

"ಹಾಗೇ ಇದ್ದಾರಮ್ಮ" ಎಂದರು ಮೇಷ್ಟರು. ಆಮೇಲೆ ಮರದ ಕಡೆ ನೋಡುತ್ತಾ ಹೇಳಿದರು, "ನಿಮ್ಮ ದಾಯಾದಿ ಪೈಕಿ ಆ ಮುದುಕಿ ಇದ್ದರಲ್ಲ, ನಿನ್ನ ದೊಡ್ಡವ್ವ, ಅವರು ಹೋಗಿಬಿಟ್ಟರಂತೆ. ಸೂತಕ ಬಂತಲ್ಲ, ಹಬ್ಬ ಮುಂದಕ್ಕೆ ಹೋಯಿತು. ನಿಮ್ಮ ಕುಲದವರೇ ಅಮ್ಮನಿಗೆ ಮೊದಲ ಆರತಿ ಎತ್ತಬೇಕಾದ್ದರಿಂದ ಸೂತಕ ಕಳೆಯೋವರೆಗೂ ಯಾರೇನೂ ಮಾಡೋ ಹಾಗಿಲ್ಲ. ನಾವೆಲ್ಲ ಇಲ್ಲೇ ಇರಬೇಕು. ನಾಳೆ ಲೆಕ್ಕದ ಪರೀಕ್ಷೆ, ನೀನು ಓದಿಕೋ."

ನಾನು ಉಸಿರು ಬಿಟ್ಟೆ. ದೊಡ್ಡವ್ವ ನಮ್ಮ ಅಪ್ಪನ ದೊಡ್ಡಪ್ಪನ ಸೊಸೆ. ಹಲ್ಲೆಲ್ಲ ಉದುರಿ, ಬಾಯಿ ಮಾತ್ರ ಉಳಿದಿದ್ದ ಮುದುಕಿ. ಇವತ್ತೋ ನಾಳೆಯೋ ಎಂದು ಎಷ್ಟೋ ವರ್ಷದಿಂದ ಹೇಳಿಸಿಕೊಳ್ಳುತ್ತಿದ್ದವಳು. ಅವಳು ಹೋದದ್ದಕ್ಕೆ ಅಪ್ಪ ಅಷ್ಟು ದೂರ ನಡೆದು ಬಂದನೇ ಎಂದು ಆಶ್ಚರ್ಯವಾಯಿತು, ಅಷ್ಟೆ. ಹಬ್ಬ ಮುಂದಕ್ಕೆ ಹೋದರೆ ಸಾರೂ ಹಾಗೇ ಮುಂದುವರಿಯುತ್ತದೆ, ಅವ್ವನನ್ನು ನೋಡುವುದು ತಡವಾಗುತ್ತದೆ ಎಂದು ಸಂಕಟವಾಯಿತು. ಸಾಯುವುದಕ್ಕೆ ಈ ಮುದುಕಿಗೆ ಬೇರೆ ದಿನ ಸಿಗಲಿಲ್ಲವೇ ಎಂದು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಮನೆಗೆ ಬಂದು ಹಿತ್ತಿಲಿಗೆ ಹೋದರೆ ನನ್ನ ಮೂರು ಕಲ್ಲು ಇರಲಿಲ್ಲ. ಬೂಬಮ್ಮ ಎತ್ತಿಟ್ಟಿದ್ದರು.

"ಇವತ್ತು ನೀನು ಒಲೆ ಹಚ್ಚಬೇಡ ಬೇಟಿ" ಎಂದರು. "ಮೂರು ದಿನ ಹಚ್ಚಬೇಡ. ನಾನು ಕೊಡ್ತೀನಿ."

ಅಪ್ಪ ಬೈಯುತ್ತಾನೆ ಎಂದೆ. ಬೈಯೋದಿಲ್ಲ ಎಂದರು. ಅನ್ನ, ತೊವ್ವೆ, ಮೇಲೆ ತುಪ್ಪ. ಒಗ್ಗರಣೆಯ ಘಮ. ನನಗೆ ಹಸಿವು. ಅವರು ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ತಿನ್ನಿಸಿದರು. ನಾನು ಮತ್ತೆ ಹಾಕಿಸಿಕೊಂಡು ತಿಂದೆ. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚಬಾರದು, ನೆರೆಯವರೇ ಊಟ ಕೊಡಬೇಕು ಎಂಬುದು ಅವರ ಪದ್ಧತಿ. ಅದು ನನಗೆ ಆಗ ಗೊತ್ತಿರಲಿಲ್ಲ. ಅಪ್ಪ ಶಾಲೆಗೆ ಬರುವ ಮುಂಚೆ ಅವರ ಮನೆಗೆ ಹೋಗಿದ್ದನೆಂಬುದೂ ಗೊತ್ತಿರಲಿಲ್ಲ. ಆಯಮ್ಮನ ಬಾಯಿ ಕಟ್ಟಿದ್ದರು, ಕೈ ಕಟ್ಟಿರಲಿಲ್ಲ. ಊರಿನವರೆಲ್ಲ ಸೇರಿ ಮಾಡದ ಮರ್ಯಾದೆಯನ್ನು ನನ್ನ ಅವ್ವನಿಗೆ ಅವರೊಬ್ಬರು ಮಾಡಿದರು.

ಲೆಕ್ಕದ ಪರೀಕ್ಷೆಯೂ ಆಯಿತು. ಆಮೇಲೆ ಉಳಿದದ್ದು ಬರೀ ಕಾಯುವುದು. ವೈದ್ಯನಾಥಪುರದ ದೇವಸ್ಥಾನಕ್ಕೆ ಮೇಷ್ಟರು ಎಲ್ಲರನ್ನೂ ಒಂದು ದಿನ ಕರೆದುಕೊಂಡು ಹೋದರು. ಹೊಳೆಯಲ್ಲಿ ನೀರು ಮೊಣಕಾಲುದ್ದ. ಮದ್ದೂರಿಗೆ ಬರುವಾಗ ದಾರಿಯುದ್ದಕ್ಕೂ ನನ್ನನ್ನು ರೇಗಿಸಿದ್ದ ಹುಡುಗರು ಅವತ್ತು ನನ್ನನ್ನು ಮುಂದೆ ಬಿಟ್ಟು ಹಿಂದೆ ನಡೆದರು. ಜಡೆ ಎಳೆಯುತ್ತಿದ್ದವನು ತಾನು ಕಿತ್ತ ಮಾವಿನಕಾಯಿಯನ್ನು ನನ್ನ ಕೈಗೆ ಕೊಟ್ಟು ದೂರ ಹೋಗಿ ನಿಂತ. ಪೂಜಾರಿ ಯಾರ ಹೆಸರಲ್ಲಿ ಅರ್ಚನೆ ಎಂದು ಕೇಳಿದಾಗ ನಾನು ಅವ್ವನ ಹೆಸರು ಹೇಳಿದೆ, ಬೇಗ ವಾಸಿಯಾಗಲಿ ಎಂದೆ. ಮೇಷ್ಟರು ಅಲ್ಲಿಂದ ಎದ್ದು ಹೊರಗೆ ಹೋದರು. ಪ್ರಪಂಚದ ಸುದ್ದಿಯನ್ನೆಲ್ಲ ಗೋಡೆಗೆ ಬರೆಯುತ್ತಿದ್ದ ಮನುಷ್ಯ, ಒಂದು ಸುದ್ದಿಯನ್ನು ಒಬ್ಬ ಹುಡುಗಿಗೆ ಹೇಳಲಾರದೆ ಹೋದರು.

ಪರೀಕ್ಷೆ ಮುಗಿಯುವವರೆಗೆ ಹೇಳದಿದ್ದದ್ದು ಸರಿ, ಒಪ್ಪುತ್ತೇನೆ. ಮುಗಿದ ಮೇಲೆ? ಎಷ್ಟೋ ವರ್ಷವಾದ ಮೇಲೆ ಅಪ್ಪನನ್ನು ಕೇಳಿದೆ. ಮೇಷ್ಟರು ಹೇಳುತ್ತಾರೆ ಅಂದುಕೊಂಡಿದ್ದೆ ಎಂದ. ಮೇಷ್ಟರನ್ನೂ ಕೇಳಿದೆ. ಹೆತ್ತವರು ಹೇಳಬೇಕಾದ ಮಾತು, ನಾನು ಹೇಗೆ ಹೇಳಲಿ ಎಂದರು. ಹೇಳಿದ್ದರೂ ಊರೊಳಗೆ ಬಿಡುತ್ತಿರಲಿಲ್ಲವಲ್ಲ, ಪರರ ಮನೆಯಲ್ಲಿ ಕೂತು ಅತ್ತು ಏನು ಮಾಡುತ್ತಿದ್ದೆ ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಏನು ಮಾಡುತ್ತಿದ್ದೆ ಅಂದರೆ, ಅಳುತ್ತಿದ್ದೆ. ಬೂಬಮ್ಮನ ಮಡಿಲಲ್ಲಿ ತಲೆಯಿಟ್ಟು ಸಾಕಾಗುವಷ್ಟು ಅಳುತ್ತಿದ್ದೆ. ಇದು ಅವರ ತಲೆಗೆ ಹೊಳೆಯಲಿಲ್ಲ. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಹಬ್ಬದ ಬೆಳಗ್ಗೆ ಗಾಡಿ ಬಂತು. ಹೊರಡುವಾಗ ಬೂಬಮ್ಮ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತುಂಬ ಹೊತ್ತು ಬಿಡಲಿಲ್ಲ. ಊರ ಎಲ್ಲೆಯಲ್ಲಿ ಬೇವಿನ ಸೊಪ್ಪಿನ ತೋರಣ ಕಟ್ಟಿದ್ದರು, ನೆಂಟರ ಗಾಡಿಗಳು ಸಾಲಾಗಿ ಒಳಗೆ ಹೋಗುತ್ತಿದ್ದವು. ನಾನು ಗಾಡಿ ನಿಲ್ಲುವ ಮೊದಲೇ ಧುಮುಕಿ ನಮ್ಮ ಬೀದಿಗೆ ಓಡಿದೆ. ಓಡುತ್ತಿದ್ದವಳು ನಿಂತುಬಿಟ್ಟೆ.

ನಮ್ಮ ಮನೆಯ ಜಗಲಿಯ ಮೇಲೆ ದೊಡ್ಡವ್ವ ಕೂತಿದ್ದಳು. ಬಿಸಿಲಿಗೆ ಕಾಲು ಚಾಚಿಕೊಂಡು, ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದಳು. ನನ್ನನ್ನು ನೋಡಿ ಕುಟ್ಟುವುದನ್ನು ನಿಲ್ಲಿಸಿದಳು.

ಯಾರೂ ನನಗೆ ಏನೂ ಹೇಳಬೇಕಾಗಲಿಲ್ಲ. ಸತ್ತವಳು ಬದುಕಿದ್ದಾಳೆ ಎಂದರೆ ಬದುಕಿದ್ದವಳು ಸತ್ತಿದ್ದಾಳೆ. ನಮ್ಮ ಕುಲಕ್ಕೆ ಸೂತಕ ತಂದ ಸಾವು ಬೇರೆ ಯಾರದಾಗಿದ್ದರೆ ನನ್ನಿಂದ ಮುಚ್ಚಿಡುತ್ತಿದ್ದರು? ನನ್ನ ಅವ್ವನ ಸಾವಿನಿಂದಲೇ ಹಬ್ಬ ನಿಂತಿತ್ತು. ಹಬ್ಬ ನಿಂತದ್ದರಿಂದಲೇ ನಾನು ಹೊರಗೆ ಉಳಿದಿದ್ದೆ. ಅಷ್ಟು ದಿನ ನನ್ನನ್ನು ಅವ್ವನ ಹತ್ತಿರ ಬಿಡದೆ ಇಟ್ಟಿದ್ದು ಅವ್ವನೇ. ಮಣ್ಣು ಮಾಡಿ ಆಗಿತ್ತು, ಹಾಲುತುಪ್ಪ ಬಿಟ್ಟಾಗಿತ್ತು, ತಿಥಿಯೂ ಆಗಿತ್ತು. ಅವಳ ಸೀರೆಗಳನ್ನು ಯಾರಿಗೋ ಕೊಟ್ಟಾಗಿತ್ತು.

ಬಾಗಿಲಲ್ಲಿ ಅಪ್ಪ ಬಂದು ನಿಂತ. ತಲೆಯ ಮೇಲೆ ರುಮಾಲು ಇರಲಿಲ್ಲ, ಮೀಸೆ ತೆಗೆಸಿದ್ದ. ನನ್ನ ಬಾಯಿಂದ ಏನು ಕೂಗು ಹೊರಟಿತೋ ಗೊತ್ತಿಲ್ಲ. ದೊಡ್ಡವ್ವ ಆ ವಯಸ್ಸಿನಲ್ಲಿ ಎಲ್ಲಿತ್ತೋ ಶಕ್ತಿ, ಎದ್ದು ಬಂದು ಎಲೆಅಡಿಕೆಯ ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಅಳ್ಬ್ಯಾಡ ಕಣಮ್ಮಿ. ಅಮ್ಮನ್ ಅಬ್ಬ ಇವತ್ತು. ಈವತ್ ಕಣ್ಣೀರ್ ಬಿದ್ರೆ ಊರ್ಗೇ ಕೇಡು. ನಾಳೀಕೆ ಅಳೀವಂತೆ, ನಾನೇ ಕುಂತ್ಕೊಂಡು ಅಳುಸ್ತೀನಿ. ನಾಳೀಕೆ."

ಅಪ್ಪನೂ ಅದನ್ನೇ ಹೇಳಿದ. "ನಾಳೀಕೆ ಕಣವ್ವ."

ನಾನು ಬಾಯಿ ಮುಚ್ಚಿಕೊಂಡೆ. ತಮಟೆ ಬಂತು, ಆರತಿಗಳು ಬಂದವು, ಊಟವಾಯಿತು. ನಾನು ಒಳಗಿನ ಕತ್ತಲ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಗಂಟಲಿನಲ್ಲಿ ಎದ್ದದ್ದನ್ನು ಒಳಕ್ಕೆ ನುಂಗಿದೆ, ಮತ್ತೆ ಎದ್ದಿತು, ಮತ್ತೆ ನುಂಗಿದೆ. ಸಂಜೆಯ ಹೊತ್ತಿಗೆ ಅದು ಏಳುವುದನ್ನು ಬಿಟ್ಟಿತು.

ಮಾರನೆಯ ಬೆಳಗ್ಗೆ ದೊಡ್ಡವ್ವ ಮಾತಿಗೆ ತಪ್ಪದೆ ಬಂದಳು. ನಾಲ್ಕಾರು ಹೆಂಗಸರನ್ನೂ ಕರೆತಂದಳು. ಊರಿಗೆ ತಡವಾಗಿ ಬಂದ ಮಗಳನ್ನು ನಡುವೆ ಕೂರಿಸಿಕೊಂಡು ಅಳಿಸುವುದು ನಮ್ಮಲ್ಲಿ ಕ್ರಮ. ದೊಡ್ಡವ್ವ ತನ್ನ ತುರುಬು ಬಿಚ್ಚಿ, ನನ್ನ ಕೊರಳನ್ನು ತಬ್ಬಿಕೊಂಡು, ರಾಗ ತೆಗೆದು ಅತ್ತಳು. ಅವ್ವ ಕೊನೆಯಲ್ಲಿ ಏನು ಕೇಳಿದಳು, ಯಾವ ಕಡೆಗೆ ತಿರುಗಿ ಮಲಗಿದ್ದಳು ಎಲ್ಲವನ್ನೂ ಹಾಡಿ ಹಾಡಿ ಹೇಳಿದಳು. ಉಳಿದವರು ದನಿಗೂಡಿಸಿದರು. ಅವರೆಲ್ಲ ಸಾವಿನ ದಿನ ಸಾರಿನ ಕಟ್ಟಿಗೆ ಹೆದರಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಿದ್ದವರು. ಈಗ ಬಾಯ್ತುಂಬ ಅತ್ತರು. ನಾನು ಅವರ ಮುಖಗಳನ್ನು ನೋಡುತ್ತಾ ಕೂತಿದ್ದೆ. ಅಳು ಬರಲಿಲ್ಲ. ಕಣ್ಣು ಉಜ್ಜಿಕೊಂಡೆ, ಒತ್ತಿಕೊಂಡೆ. ಬರಲಿಲ್ಲ.

ಅವರು ಎಷ್ಟು ಹೊತ್ತು ಅಂತ ಅಳುತ್ತಾರೆ? ಹಬ್ಬಕ್ಕೆ ನಿಂತಿದ್ದ ಕೆಲಸಗಳೆಲ್ಲ ಕಾಯುತ್ತಿದ್ದವು. ಒಬ್ಬೊಬ್ಬರೇ ಮೂಗು ಒರೆಸಿಕೊಂಡು ಎದ್ದರು. ಹೊಸ್ತಿಲು ದಾಟುವಾಗ ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ನನಗೆ ಕೇಳಿಸಿತು.

"ನೋಡ್ದಾ, ಎತ್ತವ್ವ ಸತ್ರೂ ಒಂದ್ ತೊಟ್ಟು ಕಣ್ಣೀರಿಲ್ಲ. ಓದಿದ್ ಎಣ್ಣು ಕಣಮ್ಮ."

ನಾನು ಪಾಸಾದೆ, ಕೆಲಸಕ್ಕೂ ಸೇರಿದೆ. ಆದರೆ ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಹೊಸ ಸೊಸೆಯಂದಿರಿಗೆ ನನ್ನನ್ನು ತೋರಿಸಿ ಹೀಗೇ ಹೇಳುತ್ತಿದ್ದರು, ಅವ್ವ ಸತ್ತರೂ ಅಳದವಳು ಇವಳೇ ಎಂದು. ಅವ್ವನಿಗಾಗಿ ಅಳಲು ಅವರು ನನಗೆ ಬಿಟ್ಟುಕೊಟ್ಟದ್ದು ಅದೊಂದೇ ಬೆಳಗು, ಆ ಬೆಳಗಿನಲ್ಲಿ ನನಗೆ ಅಳು ಬರಲಿಲ್ಲ.